ಈ ಸ್ಕ್ರಿಪ್ಟ್ ಯಾವ ಆಪರೇಟಿಂಗ್ ಸಿಸ್ಟಂ ಮೇಲೆ ಓಡುತ್ತಿದೆ? ನಂಬಬಹುದಾದ ಉತ್ತರ ಪಡೆಯುವ ಬಗೆ

ಕೃಷ್ಣರಾಜಸಾಗರ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿ ಭತ್ತ, ಕಬ್ಬು ಬೆಳೆಯುವ ಮಂಡ್ಯ ಜಿಲ್ಲೆಯ ರೈತರು ಮಳೆಗಾಲದಲ್ಲಿ ಪ್ರತಿದಿನ ವಿಚಾರಿಸುವ ಅಂಕಿಗಳೆಂದರೆ ಅಂದಿನ ನೀರಿನ ಮಟ್ಟ, ಒಳಹರಿವು ಮತ್ತು ಹೊರಹರಿವು. ಮಂಡ್ಯದ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಈ ಅಂಕಿಗಳನ್ನು ದಿನವೂ ಒಂದು ಫೈಲಿಗೆ ಸೇರಿಸಿ, ನಿನ್ನೆಯ ಅಂಕಿಗಳೊಡನೆ ಹೋಲಿಸಿ ತೋರಿಸುವ ಚಿಕ್ಕ ಶೆಲ್ ಸ್ಕ್ರಿಪ್ಟ್ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಒಂದನ್ನು ಬರೆದಿದ್ದಾರೆ ಎಂದುಕೊಳ್ಳೋಣ. ಕಾಲೇಜಿನ ಲ್ಯಾಬಿನಲ್ಲಿರುವ ಕಂಪ್ಯೂಟರುಗಳಲ್ಲಿ ಉಬುಂಟು ಇದೆ. ತಂಡದ ಒಬ್ಬರ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದ್ದು, ಅದರ ಮೇಲೆ ಯೂನಿಕ್ಸ್ ಮಾದರಿಯ ಕಮಾಂಡುಗಳನ್ನು ಓಡಿಸಿಕೊಡುವ ಗಿಟ್ ಬ್ಯಾಶ್ ಹಾಕಿಕೊಂಡಿದ್ದಾರೆ. ಇನ್ನೊಬ್ಬರ ಬಳಿ ಮ್ಯಾಕ್‌ಬುಕ್ ಇದೆ. ಮೈಸೂರಿನ ಹೆಬ್ಬಾಳದಲ್ಲಿ ಕೆಲಸಕ್ಕಿರುವ ಅವರ ಸೀನಿಯರ್ ಒಬ್ಬರು ಅದೇ ಸ್ಕ್ರಿಪ್ಟನ್ನು ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಇರುವ ಡಾಕರ್ ಕಂಟೈನರಿನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಓಡಿಸುವ ಆವರಣದಲ್ಲಿ) ಓಡಿಸಬೇಕೆಂದಿದ್ದಾರೆ. ಸ್ಕ್ರಿಪ್ಟ್ ಒಂದೇ, ಅದು ಓಡಬೇಕಾದ ಜಾಗಗಳು ನಾಲ್ಕು.

ಈ ಸ್ಕ್ರಿಪ್ಟಿಗೆ ನಿನ್ನೆಯ ದಿನಾಂಕ ಬೇಕು. ಉಬುಂಟುವಿನಲ್ಲಿ ‘ಡೇಟ್’ ಕಮಾಂಡಿಗೆ ‘-ಡಿ ಯೆಸ್ಟರ್‌ಡೇ’ ಎಂದು ಕೊಟ್ಟರೆ ಅದು ಸಿಗುತ್ತದೆ. ಮ್ಯಾಕ್‌ನಲ್ಲಿ ಅದೇ ಸಾಲು ದೋಷದ ಸಂದೇಶ ಕೊಟ್ಟು ನಿಲ್ಲುತ್ತದೆ, ಏಕೆಂದರೆ ಅಲ್ಲಿರುವುದು ಬಿಎಸ್‌ಡಿ ಎಂಬ ಯೂನಿಕ್ಸ್ ಪ್ರಭೇದದ ಮೂಲದ ‘ಡೇಟ್’. ಅದಕ್ಕೆ ‘-ವಿ-1ಡಿ’ ಎಂದು ಹೇಳಬೇಕು. ಇಲ್ಲಿಗೆ ಬಂದವರಿಗೆ ಮೊದಲು ಹೊಳೆಯುವ ಪರಿಹಾರವೆಂದರೆ ಆಪರೇಟಿಂಗ್ ಸಿಸ್ಟಂ ಯಾವುದೆಂದು ಪತ್ತೆಹಚ್ಚಿ, ಲಿನಕ್ಸ್ ಆದರೆ ಒಂದು ದಾರಿ, ಮ್ಯಾಕ್ ಆದರೆ ಇನ್ನೊಂದು ದಾರಿ ಎಂದು ಬರೆಯುವುದು. ಆಲ್ಪೈನ್‌ಗೆ ಹೋದಾಗ ಈ ಪರಿಹಾರ ಕೈಕೊಡುತ್ತದೆ. ಆಲ್ಪೈನ್ ಲಿನಕ್ಸೇ ಹೌದು, ಪತ್ತೆಯೂ ಸರಿಯಾಗಿಯೇ ಆಗಿರುತ್ತದೆ. ಆದರೆ ಅಲ್ಲಿರುವ ‘ಡೇಟ್’ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯದಲ್ಲ, ಹಲವು ಕಮಾಂಡುಗಳನ್ನು ಒಂದೇ ಚಿಕ್ಕ ಪ್ರೋಗ್ರಾಂನಲ್ಲಿ ಅಡಕಮಾಡಿದ ಬಿಝಿಬಾಕ್ಸ್‌ನದು, ಮತ್ತು ‘ಯೆಸ್ಟರ್‌ಡೇ’ ಎಂಬ ಪದವನ್ನು ಅದು ದಿನಾಂಕವೆಂದು ಒಪ್ಪುವುದಿಲ್ಲ. ಇದಕ್ಕೆ ತಿರುಗುಮುರುಗಾದದ್ದೂ ಆಗಬಹುದು: ತಂತ್ರಾಂಶ ಹಾಕಿಕೊಡುವ ಹೋಂಬ್ರೂ ಮೂಲಕ ಗ್ನೂ ಕಮಾಂಡುಗಳ ಕಟ್ಟಾದ ಕೋರ್‌ಯುಟಿಲ್ಸ್ ಹಾಕಿಕೊಂಡು ಅದನ್ನು ಪಾತ್‌ನಲ್ಲಿ (ಶೆಲ್ ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ) ಮುಂದೆ ಇಟ್ಟುಕೊಂಡವರ ಮ್ಯಾಕ್‌ನಲ್ಲಿ ‘ಡೇಟ್’ ಎಂದರೆ ಗ್ನೂ ‘ಡೇಟ್’ ಆಗಿರುತ್ತದೆ, ಮ್ಯಾಕ್‌ಗೆಂದೇ ಬರೆದ ‘-ವಿ’ ಅಲ್ಲಿ ನಡೆಯುವುದಿಲ್ಲ. ಎರಡು ಕಡೆಯೂ ಆಪರೇಟಿಂಗ್ ಸಿಸ್ಟಂ ಗುರುತಿಸಿದ್ದರಲ್ಲಿ ತಪ್ಪಿಲ್ಲ. ಆ ಗುರುತಿನಿಂದ ಹೊರಡಿಸಿದ ತೀರ್ಮಾನ ತಪ್ಪು.

ಆದ್ದರಿಂದ ಪತ್ತೆಯ ವಿಧಾನಗಳಿಗೆ ಹೋಗುವ ಮೊದಲು, ನಮಗೆ ನಿಜವಾಗಿ ತಿಳಿಯಬೇಕಾದದ್ದು ಏನು ಎಂಬುದನ್ನು ಬಿಡಿಸಿ ನೋಡಬೇಕು. ‘ಯಾವ ಆಪರೇಟಿಂಗ್ ಸಿಸ್ಟಂ’ ಎಂಬ ಒಂದೇ ಮಾತಿನೊಳಗೆ ಕನಿಷ್ಠ ನಾಲ್ಕು ಪ್ರಶ್ನೆಗಳು ಸೇರಿಕೊಂಡಿರುತ್ತವೆ: ಕೆಳಗಿರುವ ಕರ್ನಲ್ (ಯಂತ್ರಾಂಶವನ್ನು ನಿಭಾಯಿಸುವ ತಿರುಳು) ಯಾವುದು, ಅದರ ಮೇಲೆ ಕೂತಿರುವ ಡಿಸ್ಟ್ರೋ (ಉಬುಂಟು, ಆಲ್ಪೈನ್ ತರಹದ ಲಿನಕ್ಸ್ ರೂಪ) ಅಥವಾ ಆವೃತ್ತಿ ಯಾವುದು, ನಾನು ಕರೆಯಲಿರುವ ಕಮಾಂಡ್ ಯಾರು ಬರೆದದ್ದು, ಮತ್ತು ಈ ಪ್ರಶ್ನೆಯನ್ನು ಕೇಳುತ್ತಿರುವ ಶೆಲ್ ಅಥವಾ ಪೈಥಾನ್ ಯಾವ ಪರಿಸರಕ್ಕೆಂದು ತಯಾರಾದದ್ದು. ನಾಲ್ಕಕ್ಕೂ ಬೇರೆ ಬೇರೆ ಉತ್ತರಗಳಿರಬಹುದು. ಕೆಲಸಕ್ಕೆ ಬೇಕಾದ ಪ್ರಶ್ನೆಯನ್ನೇ ಕೇಳದೆ ಬೇರೊಂದರ ಉತ್ತರದಿಂದ ಊಹಿಸುವುದೇ ಇಂಥ ಸ್ಕ್ರಿಪ್ಟುಗಳು ಕೆಡುವುದಕ್ಕೆ ಮುಖ್ಯ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿನ್ನೆಯ ದಿನಾಂಕದ ವಿಷಯದಲ್ಲಿ ಬೇಕಾದದ್ದು ಮೂರನೆಯ ಪ್ರಶ್ನೆಯ ಉತ್ತರ, ಮತ್ತು ಅದನ್ನು ‘ಡೇಟ್’ ಅನ್ನೇ ಕೇಳಬಹುದು. ಗ್ನೂ ರೀತಿಯ ಸಾಲನ್ನು ಔಟ್‌ಪುಟ್ ಎಸೆದುಬಿಡುವಂತೆ ಒಮ್ಮೆ ಓಡಿಸಿ, ಅದು ಕೆಲಸ ಯಶಸ್ವಿಯಾಯಿತು ಎಂಬ ಅರ್ಥದ ಸೊನ್ನೆ ಎಕ್ಸಿಟ್ ಕೋಡ್ ಕೊಟ್ಟರೆ ಆ ದಾರಿಯನ್ನೇ ಹಿಡಿಯುವುದು. ಇಲ್ಲವಾದರೆ ಬಿಎಸ್‌ಡಿ ರೀತಿಯದನ್ನು ಪರೀಕ್ಷಿಸುವುದು. ಅದೂ ಆಗದಿದ್ದರೆ ‘ಡೇಟ್ +%ಎಸ್’ ಕೊಡುವ ಸೆಕೆಂಡುಗಳಿಂದ 86400 ಕಳೆದು, ಬಂದ ಸಂಖ್ಯೆಯ ಎಡಕ್ಕೆ ‘@’ ಚಿಹ್ನೆಯಿಟ್ಟು ‘-ಡಿ’ಗೆ ಕೊಡುವುದು. ಈ ಕೊನೆಯ ದಾರಿ ಬಿಝಿಬಾಕ್ಸ್‌ನಲ್ಲೂ ನಡೆಯುತ್ತದೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವ ದೇಶಗಳಲ್ಲಿ ವರ್ಷಕ್ಕೆ ಎರಡು ದಿನ 86400ರ ಲೆಕ್ಕ ತಪ್ಪುತ್ತದೆ. ಭಾರತೀಯ ಕಾಲಮಾನದಲ್ಲಿ ಅಂಥ ಪದ್ಧತಿಯಿಲ್ಲದ ಕಾರಣ ಇಲ್ಲಿ ಆ ಭಯವಿಲ್ಲ. ಆದರೆ ಕಂಟೈನರುಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಓಡುತ್ತವೆ ಎಂಬುದನ್ನು ಮರೆಯಬಾರದು: ನಮ್ಮ ಸಮಯ ಐದೂವರೆ ಗಂಟೆ ಮುಂದಿರುವುದರಿಂದ, ಬೆಳಗಿನ 5.30ಕ್ಕೆ ಮೊದಲು ಓಡಿಸಿದರೆ ಕಂಟೈನರಿನ ‘ನಿನ್ನೆ’ ನಮ್ಮ ಮೊನ್ನೆಯಾಗಿರುತ್ತದೆ. ಸಮಯವಲಯವನ್ನು ಸ್ಕ್ರಿಪ್ಟಿನಲ್ಲೇ ಸ್ಪಷ್ಟವಾಗಿ ಹೇಳಿಬಿಡುವುದು ಕ್ಷೇಮ.

ಹೆಸರು ಕೇಳದೆ ಸಾಮರ್ಥ್ಯವನ್ನು ಪರೀಕ್ಷಿಸುವ ಈ ಕ್ರಮ ಹೊಸದಲ್ಲ. ಯೂನಿಕ್ಸ್ ಹತ್ತಾರು ಕಂಪನಿಗಳ ಕೈಯಲ್ಲಿ ಹತ್ತಾರು ರೂಪ ತಾಳಿದ್ದ ಕಾಲದಲ್ಲಿ, 1991ರಲ್ಲಿ, ಡೇವಿಡ್ ಮೆಕೆಂಜಿ ಅವರು ಆರಂಭಿಸಿದ ಆಟೋಕಾನ್ಫ್ ಇದನ್ನೇ ನೆಚ್ಚಿಕೊಂಡಿತು. ಅದು ತಯಾರಿಸುವ ‘ಕಾನ್ಫಿಗರ್’ ಸ್ಕ್ರಿಪ್ಟ್ ಸಣ್ಣ ಸಣ್ಣ ಪ್ರೋಗ್ರಾಂಗಳನ್ನು ಕಂಪೈಲ್ ಮಾಡಿ ನೋಡಿ, ಯಾವ ಸೌಲಭ್ಯ ಇದೆ, ಯಾವುದು ಇಲ್ಲ ಎಂದು ತೀರ್ಮಾನಿಸುತ್ತದೆ. ಪರೀಕ್ಷೆ ನಿರಪಾಯಕಾರಿಯಾಗಿರಬೇಕು ಎಂಬ ಎಚ್ಚರವೊಂದು ಬೇಕು. ನಿಜವಾದ ಫೈಲನ್ನು ತಿದ್ದಿ ಪರೀಕ್ಷಿಸುವಂತಿಲ್ಲ. ಒಂದು ಕಮಾಂಡ್ ಇದೆಯೇ ಇಲ್ಲವೇ ಎಂದಷ್ಟೇ ತಿಳಿಯಬೇಕಾದರೆ ‘ಕಮಾಂಡ್ -ವಿ’ ಬಳಸಬೇಕು. ಅದು ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆಂದು ಇರುವ ಪಾಸಿಕ್ಸ್ ಮಾನಕದಲ್ಲಿದೆ, ‘ವಿಚ್’ ಇಲ್ಲ.

ಎಷ್ಟೋ ಸಲ ಪ್ರಶ್ನೆಯೇ ಹುಟ್ಟದಂತೆ ಬರೆಯಲು ಬರುತ್ತದೆ, ಅದು ಎಲ್ಲಕ್ಕಿಂತ ಉತ್ತಮ. ಫೈಲನ್ನು ಇದ್ದಲ್ಲೇ ತಿದ್ದುವ ‘ಸೆಡ್ -ಐ’ ಇದಕ್ಕೆ ಒಳ್ಳೆಯ ಉದಾಹರಣೆ. ಗ್ನೂ ‘ಸೆಡ್’ನಲ್ಲಿ ‘-ಐ’ ಒಂಟಿಯಾಗಿ ನಿಲ್ಲಬಹುದು. ಮ್ಯಾಕ್‌ನ ‘ಸೆಡ್’ ಅದರ ನಂತರ ಬ್ಯಾಕಪ್ ಫೈಲಿನ ಬಾಲವನ್ನು (ಹೆಸರಿನ ಕೊನೆಗೆ ಸೇರುವ ಭಾಗವನ್ನು) ಅಪೇಕ್ಷಿಸುತ್ತದೆ, ಕೊಡದಿದ್ದರೆ ಮುಂದಿರುವ ತಿದ್ದುಪಡಿಯ ಸೂತ್ರವನ್ನೇ ಬಾಲವೆಂದು ನುಂಗಿಬಿಡುತ್ತದೆ. ಇದಕ್ಕಾಗಿ ಆಪರೇಟಿಂಗ್ ಸಿಸ್ಟಂ ಪತ್ತೆಮಾಡುವ ಸ್ಕ್ರಿಪ್ಟುಗಳು ಬೇಕಾದಷ್ಟಿವೆ. ಆದರೆ ‘-ಐ’ಗೆ ಅಂಟಿಕೊಂಡಂತೆ, ನಡುವೆ ಜಾಗ ಬಿಡದೆ, ‘.ಬ್ಯಾಕ್’ ಎಂದು ಬರೆದರೆ ಗ್ನೂ, ಬಿಎಸ್‌ಡಿ, ಬಿಝಿಬಾಕ್ಸ್ ಮೂರೂ ಒಪ್ಪುತ್ತವೆ. ಕೆಲಸ ಮುಗಿದ ಮೇಲೆ ಬ್ಯಾಕಪ್ ಫೈಲನ್ನು ಅಳಿಸಿದರಾಯಿತು. ‘ಸೆಡ್’ಗೆ ಅದರ ಆವೃತ್ತಿ ಕೇಳಿ ಗ್ನೂ ಹೌದೋ ಅಲ್ಲವೋ ಎಂದು ನಿರ್ಧರಿಸುವ ಉಪಾಯಕ್ಕೆ ಹೋಗದಿರುವುದು ಮೇಲು, ಏಕೆಂದರೆ ಬಿಝಿಬಾಕ್ಸ್ ‘ಸೆಡ್’ ಆ ಪ್ರಶ್ನೆಗೆ ‘ಇದು ಗ್ನೂ ಸೆಡ್ 4.0 ಅಲ್ಲ’ ಎಂಬ ಅರ್ಥದ ಸಾಲನ್ನು ಕೊಡುತ್ತದೆ, ಮತ್ತು ಆ ಸಾಲಿನಲ್ಲಿ ‘ಗ್ನೂ ಸೆಡ್’ ಎಂಬ ಪದಗಳನ್ನು ಹುಡುಕುವ ಸ್ಕ್ರಿಪ್ಟ್ ಹೌದೆಂದೇ ತಿಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಆಪರೇಟಿಂಗ್ ಸಿಸ್ಟಂ ಯಾವುದೆಂದು ತಿಳಿಯಲೇಬೇಕಾದ ಸಂದರ್ಭಗಳು ಉಳಿಯುತ್ತವೆ. ಇಳಿಸಿಕೊಳ್ಳಬೇಕಾದ ಬೈನರಿ ಯಾವುದು, ಸೆಟ್ಟಿಂಗ್ಸ್ ಫೈಲನ್ನು ಯಾವ ಫೋಲ್ಡರಿನಲ್ಲಿ ಇಡಬೇಕು, ದಿನಕ್ಕೊಮ್ಮೆ ತಾನಾಗಿ ಓಡುವ ಕೆಲಸವನ್ನು ಲಿನಕ್ಸ್‌ನ ಸಿಸ್ಟಂಡಿಗೆ ಒಪ್ಪಿಸಬೇಕೋ, ಮ್ಯಾಕ್‌ನ ಲಾಂಚ್‌ಡಿಗೆ ಒಪ್ಪಿಸಬೇಕೋ, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿಗೆ ಒಪ್ಪಿಸಬೇಕೋ ಎಂಬಂಥವು ನಿಜವಾಗಿಯೂ ಸಿಸ್ಟಂಗೆ ಸಂಬಂಧಪಟ್ಟ ಪ್ರಶ್ನೆಗಳು. ಶೆಲ್ ಸ್ಕ್ರಿಪ್ಟಿನಲ್ಲಿ ಇದಕ್ಕೆ ಸರಿಯಾದ ಆರಂಭ ‘ಯುನೇಮ್ -ಎಸ್’. ಇದು ಪಾಸಿಕ್ಸ್ ಮಾನಕದ ಭಾಗ, ಎಲ್ಲ ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲೂ ಇರುತ್ತದೆ, ಮತ್ತು ಸ್ಕ್ರಿಪ್ಟ್ ಓಡುವ ಹೊತ್ತಿನಲ್ಲಿ ಕೇಳಿ ಉತ್ತರ ಪಡೆಯುತ್ತದೆ. ಉಬುಂಟು, ಆಲ್ಪೈನ್ ಎರಡರಲ್ಲೂ ‘ಲಿನಕ್ಸ್’ ಎಂದು ಬರುತ್ತದೆ. ಮ್ಯಾಕ್‌ನಲ್ಲಿ ಬರುವುದು ‘ಡಾರ್ವಿನ್’. ಅದು ಮ್ಯಾಕ್‌ನ ಬುಡದಲ್ಲಿರುವ ವ್ಯವಸ್ಥೆಯ ಹೆಸರು. ಫ್ರೀಬಿಎಸ್‌ಡಿ ತನ್ನ ಹೆಸರನ್ನೇ ಹೇಳುತ್ತದೆ, ಸೊಲಾರಿಸ್ ಇಂದಿಗೂ ‘ಸನ್‌ಓಎಸ್’ ಎನ್ನುತ್ತದೆ. ಗಿಟ್ ಬ್ಯಾಶ್‌ನಲ್ಲಿ ಮಾತ್ರ ‘ಮಿಂಗ್‌ಡಬ್ಲ್ಯೂ64_ಎನ್‌ಟಿ-10.0-19045’ ಎಂಬಂತೆ ವಿಂಡೋಸ್ ಆವೃತ್ತಿಯನ್ನೂ ಹೊತ್ತುಕೊಂಡ ಉದ್ದನೆಯ ಹೆಸರು ಬರುತ್ತದೆ. ವಿಂಡೋಸ್ ಅಪ್‌ಡೇಟ್ ಆದಂತೆ ಕೊನೆಯ ಸಂಖ್ಯೆ ಬದಲಾಗುವುದರಿಂದ ಪೂರ್ತಿ ಹೆಸರನ್ನು ಹೋಲಿಸಬಾರದು. ‘ಕೇಸ್’ ವಾಕ್ಯದಲ್ಲಿ ‘ಮಿಂಗ್‌ಡಬ್ಲ್ಯೂ’, ‘ಎಂಸಿಸ್’, ‘ಸಿಗ್‌ವಿನ್’ ಎಂದು ಆರಂಭವಾಗುವುದೆಲ್ಲವನ್ನೂ ವಿಂಡೋಸ್ ಗುಂಪಿಗೆ ಸೇರಿಸಬೇಕು.

ಆರಂಭದ ಅಕ್ಷರಗಳನ್ನೇ ನೋಡಬೇಕು ಎಂಬ ಮಾತನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಹೆಸರಿನೊಳಗೆ ಎಲ್ಲಾದರೂ ‘ವಿನ್’ ಎಂಬುದಿದ್ದರೆ ವಿಂಡೋಸ್ ಎಂದು ಬರೆದ ಸಾಲು ಪೈಥಾನ್‌ನಲ್ಲಿ, ಜಾವಾಸ್ಕ್ರಿಪ್ಟ್‌ನಲ್ಲಿ, ಶೆಲ್‌ನಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ. ‘ಡಾರ್ವಿನ್’ ಎಂಬ ಹೆಸರಿನ ಕೊನೆಯಲ್ಲೂ ‘ವಿನ್’ ಇದೆ. ಅಂದರೆ ಆ ಸಾಲು ಪ್ರತಿಯೊಂದು ಮ್ಯಾಕನ್ನೂ ವಿಂಡೋಸ್ ಎಂದು ತೀರ್ಮಾನಿಸುತ್ತದೆ, ಮತ್ತು ಬರೆದವರ ಬಳಿ ಮ್ಯಾಕ್ ಇಲ್ಲದಿದ್ದರೆ ಅದು ಅವರ ಕಣ್ಣಿಗೆ ಎಂದೂ ಬೀಳುವುದಿಲ್ಲ.

‘ಯುನೇಮ್’ ಬದಲು ‘ಓಎಸ್‌ಟೈಪ್’ ಎಂಬ ವೇರಿಯಬಲ್ ನೋಡುವ ರೂಢಿಯೂ ವ್ಯಾಪಕವಾಗಿದೆ. ಅದನ್ನು ಬ್ಯಾಶ್ ಎಂಬ ಶೆಲ್ ಒದಗಿಸುತ್ತದೆ. ಬ್ಯಾಶ್ ಕಂಪೈಲ್ ಆದಾಗಲೇ ಅದರ ಬೆಲೆ ನಿಗದಿಯಾಗಿರುತ್ತದೆ. ತೊಂದರೆ ಎಲ್ಲಿದೆಯೆಂದರೆ, ಉಬುಂಟುವಿನಲ್ಲಿ 2006ರ 6.10ನೇ ಆವೃತ್ತಿಯಿಂದ ‘ಎಸ್‌ಎಚ್’ ಎಂದರೆ ಬ್ಯಾಶ್ ಅಲ್ಲ, ಡ್ಯಾಶ್ ಎಂಬ ಇನ್ನೊಂದು ಶೆಲ್. ಆಲ್ಪೈನ್‌ನಲ್ಲಿ ಅದು ಬಿಝಿಬಾಕ್ಸ್‌ನ ಆ್ಯಶ್. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ‘ಎಸ್‌ಎಚ್’ ಎಂದಿದ್ದರೆ, ಅಥವಾ ಯಾರಾದರೂ ‘ಎಸ್‌ಎಚ್’ ಹೆಸರಿನಲ್ಲಿ ಅದನ್ನು ಕರೆದರೆ, ಡ್ಯಾಶ್‌ನಲ್ಲಿ ಈ ವೇರಿಯಬಲ್ ಖಾಲಿಯಾಗಿರುತ್ತದೆ. ಲಿನಕ್ಸ್ ಅಲ್ಲ, ಮ್ಯಾಕ್ ಅಲ್ಲ, ಹಾಗಾದರೆ ವಿಂಡೋಸೇ ಇರಬೇಕು ಎಂದು ಕೊನೆಯ ‘ಎಲ್ಸ್’ನಲ್ಲಿ ಬರೆದಿಟ್ಟ ಸ್ಕ್ರಿಪ್ಟ್ ಆಗ ಲ್ಯಾಬಿನ ಉಬುಂಟುವನ್ನೇ ವಿಂಡೋಸ್ ಎಂದುಕೊಂಡು ಮುಂದುವರಿಯುತ್ತದೆ. ಇದರಲ್ಲಿ ‘ಓಎಸ್‌ಟೈಪ್’ನ ದೋಷಕ್ಕಿಂತ ‘ಎಲ್ಸ್’ನ ದೋಷ ದೊಡ್ಡದು. ಗುರುತು ಸಿಗದ ಸ್ಥಿತಿಗೆ ಪ್ರತ್ಯೇಕ ಕವಲು ಇರಲೇಬೇಕು. ಅದು ‘ಯುನೇಮ್’ ಕೊಟ್ಟ ಉತ್ತರವನ್ನು ಇದ್ದ ಹಾಗೆಯೇ ದೋಷ ಸಂದೇಶದಲ್ಲಿ ತೋರಿಸಿ, ಸೊನ್ನೆಯಲ್ಲದ ಕೋಡಿನೊಂದಿಗೆ ಸ್ಕ್ರಿಪ್ಟನ್ನು ನಿಲ್ಲಿಸಬೇಕು. ಊಹೆಯ ಮೇಲೆ ನಡೆದು ತಪ್ಪು ಫೋಲ್ಡರಿನಲ್ಲಿ ಬರೆಯುವುದಕ್ಕಿಂತ ನಿಂತುಬಿಡುವುದು ಬಳಸುವವರಿಗೆ ಮಾಡುವ ಉಪಕಾರ.

ಡಬ್ಲ್ಯುಎಸ್‌ಎಲ್ ಬಗ್ಗೆ ಬರುವ ಗೊಂದಲ ಬೇರೆ ತರಹದ್ದು. ವಿಂಡೋಸ್ ಲ್ಯಾಪ್‌ಟಾಪಿನೊಳಗೆ ಉಬುಂಟು ಓಡಿಸುವ ಈ ಸೌಲಭ್ಯದಲ್ಲಿ ‘ಯುನೇಮ್ -ಎಸ್’ ಕೇಳಿದರೆ ‘ಲಿನಕ್ಸ್’ ಎಂಬ ಉತ್ತರ ಬರುತ್ತದೆ. ಇದನ್ನು ತಪ್ಪು ಉತ್ತರವೆಂದು ತಿಳಿದು ‘ಸರಿಪಡಿಸಲು’ ಹೊರಡುವವರಿದ್ದಾರೆ. ಅದು ಸರಿಯಾದ ಉತ್ತರವೇ: ಅಲ್ಲಿನ ಫೈಲ್ ದಾರಿಗಳು, ಪ್ಯಾಕೇಜುಗಳು, ಬೈನರಿಗಳು ಎಲ್ಲವೂ ಲಿನಕ್ಸಿನವು. ಬ್ರೌಸರ್ ತೆರೆಯಬೇಕು, ವಿಂಡೋಸ್ ಕಡೆಯ ಫೈಲ್ ಮುಟ್ಟಬೇಕು ಎಂಬಂಥ ಕೆಲವೇ ಕೆಲಸಗಳಿಗೆ ಇದು ಡಬ್ಲ್ಯುಎಸ್‌ಎಲ್ ಎಂಬುದು ತಿಳಿಯಬೇಕಾಗುತ್ತದೆ. ಅದಕ್ಕೆ ‘/ಪ್ರಾಕ್/ವರ್ಷನ್’ ಫೈಲಿನಲ್ಲಿ ‘ಮೈಕ್ರೋಸಾಫ್ಟ್’ ಎಂಬ ಹೆಸರನ್ನು ಹುಡುಕುವುದು ಎಲ್ಲರೂ ಹೇಳುವ ಉಪಾಯ. ಮೊದಲ ಆವೃತ್ತಿಯಲ್ಲಿ ಅದರ ಮೊದಲಕ್ಷರ ದೊಡ್ಡದು, ಎರಡನೆಯದರಲ್ಲಿ ಸಣ್ಣದು ಆದ್ದರಿಂದ ದೊಡ್ಡ-ಸಣ್ಣ ಅಕ್ಷರದ ಭೇದವಿಲ್ಲದೆ ಹುಡುಕಬೇಕು. ಆದರೆ ವಿಂಡೋಸ್ ಮೇಲೆ ಡಬ್ಲ್ಯುಎಸ್‌ಎಲ್ ಆಧರಿಸಿ ಓಡುವ ಡಾಕರ್ ಕಂಟೈನರುಗಳೂ ಅದೇ ಕರ್ನಲ್ಲನ್ನು ಹಂಚಿಕೊಳ್ಳುತ್ತವೆ, ಹಾಗಾಗಿ ಅವುಗಳೊಳಗೂ ‘ಮೈಕ್ರೋಸಾಫ್ಟ್’ ಎಂದೇ ಕಾಣುತ್ತದೆ, ಅಲ್ಲಿಂದ ವಿಂಡೋಸ್ ಬ್ರೌಸರ್ ತೆರೆಯಲು ಮಾತ್ರ ಬರುವುದಿಲ್ಲ. ಇಲ್ಲೂ ಮೊದಲಿನ ನಿಯಮವೇ ಒಳ್ಳೆಯದು: ವಿಂಡೋಸ್ ದಾರಿಯನ್ನು ಲಿನಕ್ಸ್ ದಾರಿಯಾಗಿ ಬದಲಿಸಬೇಕಾದರೆ ‘ಡಬ್ಲ್ಯುಎಸ್‌ಎಲ್‌ಪಾತ್’ ಎಂಬ ಕಮಾಂಡ್ ಇದೆಯೇ ಎಂದು ಕೇಳಿದರೆ ಸಾಕು.

ಲಿನಕ್ಸ್ ಎಂದು ಗೊತ್ತಾದ ಮೇಲೆ ಯಾವ ಡಿಸ್ಟ್ರೋ ಎಂದು ತಿಳಿಯಲು ‘/ಇಟಿಸಿ/ಓಎಸ್-ರಿಲೀಸ್’ ಫೈಲ್ ಇದೆ; ಅದು ಇಲ್ಲದಿದ್ದರೆ ‘/ಯುಎಸ್‌ಆರ್/ಲಿಬ್’ ಕೆಳಗೆ ಅದೇ ಹೆಸರಿನದನ್ನು ನೋಡಬೇಕು. ‘ಎಲ್‌ಎಸ್‌ಬಿ_ರಿಲೀಸ್’ ಕಮಾಂಡ್ ಕಂಟೈನರುಗಳಲ್ಲಿ ಬಹುತೇಕ ಇರುವುದಿಲ್ಲ, ಅದನ್ನು ನೆಚ್ಚಬಾರದು. ಈ ಫೈಲಿನಲ್ಲಿ ‘ಐಡಿ’ ಎಂಬ ಸಾಲು ಡಿಸ್ಟ್ರೋದ ಹೆಸರನ್ನು, ‘ಐಡಿ_ಲೈಕ್’ ಎಂಬ ಸಾಲು ಅದು ಯಾವ ಮೂಲದ್ದೆಂಬುದನ್ನು ಹೇಳುತ್ತದೆ. ಉಬುಂಟುವಿನಲ್ಲಿ ಎರಡನೆಯದು ‘ಡೆಬಿಯನ್’. ಡೆಬಿಯನ್ ಮೂಲದ ಎಲ್ಲದಕ್ಕೂ ಒಂದೇ ದಾರಿ ಸಾಕಾದಾಗ ಎರಡನ್ನೂ ನೋಡಬೇಕು, ‘ಐಡಿ_ಲೈಕ್’ನಲ್ಲಿ ಒಂದಕ್ಕಿಂತ ಹೆಚ್ಚು ಹೆಸರುಗಳು ಜಾಗ ಬಿಟ್ಟು ಬರೆದಿರಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫೈಲ್ ಶೆಲ್ ಭಾಷೆಗೆ ಹೊಂದುವಂತೆ ಬರೆದದ್ದಾದ್ದರಿಂದ ಅದನ್ನು ನೇರವಾಗಿ ಸ್ಕ್ರಿಪ್ಟಿನೊಳಕ್ಕೆ ಓದಿಕೊಳ್ಳಬಹುದು. ಆದರೆ ಅದರಲ್ಲಿ ‘ನೇಮ್’, ‘ವರ್ಷನ್’ ಎಂಬ ವೇರಿಯಬಲ್‌ಗಳಿರುವ ಕಾರಣ, ನಮ್ಮ ಸ್ಕ್ರಿಪ್ಟಿನಲ್ಲೂ ಆ ಹೆಸರಿನವು ಇದ್ದರೆ ಸದ್ದಿಲ್ಲದೆ ಅಳಿಸಿಹೋಗುತ್ತವೆ. ಸಬ್‌ಶೆಲ್‌ನಲ್ಲಿ, ಅಂದರೆ ಪ್ರತ್ಯೇಕವಾದ ಒಳಶೆಲ್ ಒಂದರಲ್ಲಿ ಓದಿ, ಬೇಕಾದ ಒಂದು ಬೆಲೆಯನ್ನು ಮಾತ್ರ ಹೊರಗೆ ತರುವುದು ಸರಿಯಾದ ಕ್ರಮ.

ಆವೃತ್ತಿ ಸಂಖ್ಯೆಗಳನ್ನು ಆದಷ್ಟು ನೆಚ್ಚದಿರುವುದು ಒಳ್ಳೆಯದು. ವಿಂಡೋಸ್ 11 ತನ್ನನ್ನು ಒಳಗೆ 10.0 ಎಂದೇ ಕರೆದುಕೊಳ್ಳುತ್ತದೆ. ಬಿಲ್ಡ್ ಸಂಖ್ಯೆ 22000 ಅಥವಾ ಅದಕ್ಕಿಂತ ಹೆಚ್ಚಿರುವುದರಿಂದ ಮಾತ್ರ ವ್ಯತ್ಯಾಸ ತಿಳಿಯುತ್ತದೆ. 2020ರಲ್ಲಿ ಮ್ಯಾಕ್‌ಓಎಸ್ 10.15ರ ನಂತರ 11 ಬಂದಾಗ, ಹಳೆಯ ಎಸ್‌ಡಿಕೆ (ಪ್ರೋಗ್ರಾಂ ತಯಾರಿಸುವ ಸಲಕರಣೆಗಳ ಕಟ್ಟು) ಬಳಸಿ ತಯಾರಾದ ಪ್ರೋಗ್ರಾಂಗಳಿಗೆ ಅದು 10.16 ಎಂದು ಉತ್ತರಿಸುತ್ತಿತ್ತು. ‘ಯುನೇಮ್ -ಆರ್’ ಕೊಡುವುದು ಡಾರ್ವಿನ್ ಸಂಖ್ಯೆ, ಅಲ್ಲಿ ಅದು 20. ಮ್ಯಾಕ್‌ನ ಆವೃತ್ತಿ ಬೇಕಿದ್ದರೆ ‘ಎಸ್‌ಡಬ್ಲ್ಯು_ವರ್ಸ್’ ಕಮಾಂಡನ್ನು ಕೇಳಬೇಕು. ಪ್ರೊಸೆಸರ್ ಬಗೆಯಲ್ಲೂ ಎಚ್ಚರ ಬೇಕು: ಆ್ಯಪಲ್‌ನ ಎಂ1 ಬಂದ ಮೇಲೆ ‘ಯುನೇಮ್ -ಎಂ’ ಮ್ಯಾಕ್‌ನಲ್ಲಿ ‘ಆರ್ಮ್64’ ಎನ್ನುತ್ತದೆ, ಲಿನಕ್ಸ್ ಅದೇ ಬಗೆಗೆ ‘ಎಆರ್ಚ್64’ ಎನ್ನುತ್ತದೆ, ಮತ್ತು ಅದೇ ಮ್ಯಾಕ್‌ನಲ್ಲಿ ಟರ್ಮಿನಲ್, ಇಂಟೆಲ್ ಪ್ರೋಗ್ರಾಂಗಳನ್ನು ಓಡಿಸಿಕೊಡುವ ರೊಸೆಟ್ಟಾ ಮೂಲಕ ಓಡುತ್ತಿದ್ದರೆ ‘ಎಕ್ಸ್86_64’ ಎಂಬ ಇಂಟೆಲ್ ಉತ್ತರ ಬರುತ್ತದೆ.

ಪೈಥಾನ್‌ನಲ್ಲಿ ಬರೆಯುವವರಿಗೆ ‘ಸಿಸ್.ಪ್ಲಾಟ್‌ಫಾರ್ಮ್’ ಮತ್ತು ‘ಪ್ಲಾಟ್‌ಫಾರ್ಮ್.ಸಿಸ್ಟಂ’ ಎರಡೂ ಲಭ್ಯ. ಮೊದಲನೆಯದು 64 ಬಿಟ್ ವಿಂಡೋಸ್‌ನಲ್ಲೂ ‘ವಿನ್32’ ಎಂದೇ ಹೇಳುತ್ತದೆ, ಅದನ್ನು ಬಿಟ್‌ಗಳ ಲೆಕ್ಕಕ್ಕೆ ಬಳಸಬಾರದು. ಪೈಥಾನ್ 3.3ಕ್ಕೆ ಮೊದಲು ಲಿನಕ್ಸ್‌ನಲ್ಲಿ ‘ಲಿನಕ್ಸ್2’ ಎಂದು ಬರುತ್ತಿತ್ತು. ವಿಂಡೋಸ್‌ಗೆಂದು ತಯಾರಾದ ಪೈಥಾನನ್ನು ಗಿಟ್ ಬ್ಯಾಶ್ ಒಳಗಿಂದ ಕರೆದರೂ ಅದು ವಿಂಡೋಸ್ ಎಂದೇ ಉತ್ತರಿಸುತ್ತದೆ. ನಾಲ್ಕನೆಯ ಪ್ರಶ್ನೆ ಎಂದು ಮೇಲೆ ಹೇಳಿದ್ದು ಇದನ್ನೇ.

ಮೈಕ್ರೋಸಾಫ್ಟ್‌ನ ಶೆಲ್ ಆದ ಪವರ್‌ಶೆಲ್‌ನಲ್ಲಿರುವ ಒಂದು ಸೂಕ್ಷ್ಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪವರ್‌ಶೆಲ್ 6 ಬಂದಾಗ ‘ಈಸ್‌ವಿಂಡೋಸ್’, ‘ಈಸ್‌ಲಿನಕ್ಸ್’, ‘ಈಸ್‌ಮ್ಯಾಕ್‌ಓಎಸ್’ ಎಂಬ ಮೂರು ವೇರಿಯಬಲ್‌ಗಳು ಬಂದವು. ಆದರೆ ವಿಂಡೋಸ್ 10 ಮತ್ತು 11ರ ಜೊತೆಯಲ್ಲೇ ಬರುವುದು ಹಳೆಯ 5.1, ಅದರಲ್ಲಿ ಈ ವೇರಿಯಬಲ್‌ಗಳೇ ಇಲ್ಲ. ಇಲ್ಲದ ವೇರಿಯಬಲ್ಲನ್ನು ಪವರ್‌ಶೆಲ್ ಸಾಮಾನ್ಯವಾಗಿ ದೂರದೆ ಖಾಲಿ ಎಂದೂ, ಷರತ್ತಿನೊಳಗೆ ಸುಳ್ಳು ಎಂದೂ ಪರಿಗಣಿಸುತ್ತದೆ. ಹೀಗಾಗಿ ‘ವಿಂಡೋಸ್ ಅಲ್ಲದಿದ್ದರೆ’ ಎಂಬ ಷರತ್ತು ವಿಂಡೋಸ್‌ನಲ್ಲೇ ನಿಜವಾಗಿಬಿಡುತ್ತದೆ. ಇದಕ್ಕೆ ಬದಲು ‘ಓಎಸ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ಲಿನ ಬೆಲೆ ‘ವಿಂಡೋಸ್_ಎನ್‌ಟಿ’ ಆಗಿದೆಯೇ ಎಂದು ನೋಡುವುದು ಎಲ್ಲ ಆವೃತ್ತಿಗಳಲ್ಲೂ ನಡೆಯುವ ದಾರಿ.

ಯಾವ ಭಾಷೆಯಾದರೂ, ಈ ಪತ್ತೆಯ ಕೆಲಸ ಸ್ಕ್ರಿಪ್ಟಿನ ಆರಂಭದಲ್ಲಿ ಒಂದೇ ಫಂಕ್ಷನ್‌ನಲ್ಲಿ ಒಮ್ಮೆ ಮಾತ್ರ ನಡೆಯಬೇಕು. ಅದು ‘ಲಿನಕ್ಸ್’, ‘ಮ್ಯಾಕ್’, ‘ವಿಂಡೋಸ್’ ಎಂಬ ನಮ್ಮದೇ ಸರಳ ಹೆಸರುಗಳಲ್ಲಿ ಒಂದನ್ನು ವೇರಿಯಬಲ್ಲಿನಲ್ಲಿ ಇಡಬೇಕು, ಉಳಿದ ಭಾಗವೆಲ್ಲ ಆ ಹೆಸರನ್ನಷ್ಟೇ ನೋಡಬೇಕು. ಹಾಗಿದ್ದರೆ ಪರೀಕ್ಷೆಯೂ ಸುಲಭ. ಒಂದು ಖಾಲಿ ಫೋಲ್ಡರಿನಲ್ಲಿ ‘ಯುನೇಮ್’ ಎಂಬ ಹೆಸರಿನ, ‘ಡಾರ್ವಿನ್’ ಎಂದಷ್ಟೇ ಮುದ್ರಿಸುವ ಎರಡು ಸಾಲಿನ ಸ್ಕ್ರಿಪ್ಟ್ ಇಟ್ಟು, ಆ ಫೋಲ್ಡರನ್ನು ಪಾತ್‌ನ ಮೊದಲಿಗೆ ಸೇರಿಸಿದರೆ, ಉಬುಂಟುವಿನ ಮೇಲೇ ಮ್ಯಾಕ್ ಕವಲು ಸರಿಯಾಗಿ ಆಯ್ಕೆಯಾಗುತ್ತದೆಯೇ ಎಂದು ನೋಡಬಹುದು; ‘ಮಿಂಗ್‌ಡಬ್ಲ್ಯೂ’ ಹೆಸರನ್ನೂ, ಎಲ್ಲೂ ಇಲ್ಲದ ಒಂದು ಹೆಸರನ್ನೂ ಇದೇ ರೀತಿ ಕೊಟ್ಟು ಪರೀಕ್ಷಿಸಬಹುದು. ಇದರಿಂದ ತಿಳಿಯುವುದು ಕವಲಿನ ಆಯ್ಕೆ ಮಾತ್ರ. ಆ ಕವಲಿನಲ್ಲಿರುವ ‘ಡೇಟ್’, ‘ಸೆಡ್’ ಸಾಲುಗಳು ನಿಜವಾದ ಮ್ಯಾಕ್ ಮೇಲೆ ಓಡಬೇಕು. ಕಾಲೇಜಿನ ತಂಡಕ್ಕೆ ಗಿಟ್‌ಹಬ್ ಆ್ಯಕ್ಷನ್ಸ್ ಎಂಬ, ಸ್ಕ್ರಿಪ್ಟುಗಳನ್ನು ತಾನಾಗಿ ಓಡಿಸಿ ಪರೀಕ್ಷಿಸುವ ಸೇವೆಯ ಮೂಲಕ ಉಬುಂಟು, ವಿಂಡೋಸ್, ಮ್ಯಾಕ್ ಮೂರೂ ಬಗೆಯ ಯಂತ್ರಗಳು ಸಿಗುತ್ತವೆ. ಅಲ್ಲಿ ವಿಂಡೋಸ್ ಯಂತ್ರ ತಾನಾಗಿ ಪವರ್‌ಶೆಲ್ ಹಿಡಿಯುವುದರಿಂದ ಬ್ಯಾಶ್ ಬೇಕೆಂದು ಸ್ಪಷ್ಟವಾಗಿ ಬರೆಯಬೇಕು. ಅದೇ ಉಬುಂಟು ಯಂತ್ರದ ಮೇಲೆ ಆಲ್ಪೈನ್ ಕಂಟೈನರ್ ಒಂದನ್ನು ತೆರೆದು ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಿದರೆ ನಾಲ್ಕನೆಯ ಜಾಗದ ಪರೀಕ್ಷೆಯೂ ಆದಂತೆ.